ಗುಂಡು ನಿಲ್ಲುವ ಜಾಗ ಮೊದಲು: ಅಂಗಳದಲ್ಲಿ ಮನೆಮಂದಿಯ ಏರ್‌ಗನ್ ಆಟ

ಕರಾವಳಿಯ ಮಕ್ಕಳು ಬಂದೂಕನ್ನು ಮೊದಲು ಕೈಯಲ್ಲಿ ಹಿಡಿಯುವುದು ಹೆಚ್ಚಾಗಿ ಬಲೂನ್ ಅಂಗಡಿಯಲ್ಲಿ. ಪಣಂಬೂರು, ಮಲ್ಪೆಯ ಕಡಲತೀರ, ಕುದ್ರೋಳಿ ದಸರಾದ ಗದ್ದಲ, ಊರ ಜಾತ್ರೆ, ಕಂಬಳದ ಕರೆಯ ಬದಿ, ಹೀಗೆ ಜನ ಸೇರಿದಲ್ಲೆಲ್ಲ ಹಲಗೆಗೆ ಸಾಲಾಗಿ ಸಿಕ್ಕಿಸಿದ ಕೆಂಪು ಹಳದಿ ಬಲೂನುಗಳೂ ಅವುಗಳೆದುರು ಒಂದು ಕಣ್ಣು ಮುಚ್ಚಿ ನಿಂತವರೂ ಕಾಣಸಿಗುತ್ತಾರೆ. ಮೇ ತಿಂಗಳಲ್ಲಿ ಮುಂಬಯಿಯ ನೆಂಟರು ಊರಿಗೆ ಬಂದಾಗ, ದೀಪಾವಳಿಗೆ ಕುಟುಂಬದ ಮನೆಯಲ್ಲಿ ಎಲ್ಲರೂ ಸೇರಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಒಂದು ಏರ್‌ಗನ್ ತಂದು ನಮ್ಮ ಅಂಗಳದಲ್ಲೇ ಆಡಬಾರದೇಕೆ?

ಆಡಬಹುದು. ಆದರೆ ಹೆಚ್ಚಿನವರು ಈ ಕೆಲಸವನ್ನು ಹಿಂದುಮುಂದು ಮಾಡುತ್ತಾರೆ. ಮೊದಲು ಬಂದೂಕು ಕೊಳ್ಳುತ್ತಾರೆ, ಆಮೇಲೆ ಎಲ್ಲಿಗೆ ಹೊಡೆಯುವುದೆಂದು ಸುತ್ತಲೂ ನೋಡುತ್ತಾರೆ. ಆ ಹೊತ್ತಿಗೆ ಕಣ್ಣಿಗೆ ಬೀಳುವುದು ತೆಂಗಿನ ಮರದ ಮೇಲಿನ ಕಾಗೆ. ಗುಂಡನ್ನು ನಿಲ್ಲಿಸುವ ಜಾಗವನ್ನು ಮೊದಲು ಕಟ್ಟಿಕೊಳ್ಳಿ, ಬಂದೂಕು ಕೊನೆಗೆ ಬರಲಿ ಎನ್ನುವುದು ನನ್ನ ಸಲಹೆ. ಈ ಲೇಖನವೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿದೆ.

ಬಲೂನ್ ಅಂಗಡಿಯಲ್ಲಿ ಮೊದಲ ಪಾಠ

ಮನೆಯಲ್ಲಿ ಯಾರಿಗೆ ನಿಜವಾದ ಆಸಕ್ತಿ ಇದೆ, ಯಾರು ಹತ್ತು ನಿಮಿಷದಲ್ಲಿ ಬೇಸತ್ತು ಐಸ್‌ಕ್ಯಾಂಡಿ ಕೇಳುತ್ತಾರೆ ಎಂಬುದನ್ನು ತಿಳಿಯಲು ಬಲೂನ್ ಅಂಗಡಿಗಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಒಂದು ಸಂಜೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಅಲ್ಲಿನ ಬಂದೂಕುಗಳ ಗುರಿ ನೆಟ್ಟಗಿರುವುದು ಅಪರೂಪ. ಹಾಗಾಗಿ ಮೊದಲ ಗುಂಡನ್ನು ದೊಡ್ಡದೊಂದು ಬಲೂನಿನ ನಡುಮಧ್ಯಕ್ಕೆ ಹಿಡಿದು, ಅದು ಎಲ್ಲಿ ಬಿತ್ತೆಂದು ಹಲಗೆಯಲ್ಲಿ ನೋಡಿ. ಎಡಕ್ಕೆ ಬಿದ್ದಿದ್ದರೆ ಮುಂದಿನದನ್ನು ಅಷ್ಟೇ ಬಲಕ್ಕೆ ಹಿಡಿಯಿರಿ. ಬಂದೂಕು ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ. ಮಗುವಿಗೆ ಕೊಡುವಾಗ ಹಿಂದಿನಿಂದ ಒಬ್ಬರು ಬಂದೂಕಿಗೆ ಕೈಯಾನಿಸಿ ನಿಲ್ಲಬೇಕು. ಬಲೂನು ಒಡೆದ ಖುಷಿಯಲ್ಲಿ ಮಕ್ಕಳು ಬಂದೂಕಿನ ಸಮೇತ ಹಿಂದಕ್ಕೆ ತಿರುಗುತ್ತಾರೆ. ದೊಡ್ಡವರೂ ತಿರುಗುತ್ತಾರೆ, ಅದು ಬೇರೆ ಮಾತು.

ಕಾನೂನಿನ ಗೆರೆ ಎಲ್ಲಿದೆ

2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿಬಂದೂಕಿಗೆ ಎರಡು ಮಿತಿಗಳನ್ನು ಇಟ್ಟಿವೆ. ನಳಿಕೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್. ನಳಿಕೆಯಿಂದ ಹೊರಡುವ ಗುಂಡಿನ ಶಕ್ತಿ 20 ಜೂಲ್. ಇವೆರಡರ ಒಳಗಿರುವ ಏರ್‌ಗನ್‌ಗೆ ಪರವಾನಗಿ ಬೇಡ. ಯಾವುದೊಂದು ಮೀರಿದರೂ ಪರವಾನಗಿ ಬೇಕು. ಆದ್ದರಿಂದ ‘ಇದು ಸ್ವಲ್ಪ ಜೋರು’ ಎಂದು ಯಾರಾದರೂ 0.22 ಇಂಚಿನದನ್ನು ತೋರಿಸಿದರೆ ಆಸೆಪಡಬೇಡಿ. ಆಟಕ್ಕೆ ಅದರ ಅಗತ್ಯವೇ ಇಲ್ಲ. ಅಧಿಕೃತ ಅಂಗಡಿಯಲ್ಲಿ ವಯಸ್ಕರೊಬ್ಬರು ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಕೊಳ್ಳಿ, ಬಿಲ್ಲನ್ನು ಜೋಪಾನವಾಗಿಡಿ.

ನಮ್ಮ ಕಡೆಯ ಅನೇಕ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕಾಗುವ ಕೋವಿ ಅದು. ನೆಂಟರ ಮುಂದೆ ಅದನ್ನು ಹೊರತೆಗೆಯುವ ಚಪಲ ಯಾರಿಗೂ ಬೇಡ. ಅದಕ್ಕೆ ಪರವಾನಗಿ ಸಿಕ್ಕಿದ್ದು ಹಂದಿಯಿಂದ ಬೆಳೆ ಉಳಿಸಲು, ಭಾವನ ಮನರಂಜನೆಗಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಕೊಡವರಿಗೂ ಅಲ್ಲಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇದೆ. ಸಂಪಾಜೆ ಘಾಟಿಯ ಕೆಳಗಿನ ನಮಗೆ ಅದು ಅನ್ವಯಿಸುವುದಿಲ್ಲ.

ಇನ್ನು ಹಕ್ಕಿಯ ವಿಷಯ. ಹಿಂದೆ ಭೂಮಿಪೂಜೆಯ ಹಬ್ಬವಾದ ಕೆಡ್ಡಸಕ್ಕೆ ಬೇಟೆಗೆ ಹೋಗುವ ಕ್ರಮ ತುಳುನಾಡಿನಲ್ಲಿತ್ತು. ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಗಾಯಗೊಳಿಸುವುದೂ ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಕಾಗೆಗಾದರೆ ಪರವಾಗಿಲ್ಲ ಎಂಬ ಹಳೆಯ ನಂಬಿಕೆಗೂ ಈಗ ಆಧಾರವಿಲ್ಲ. ಕಾಗೆ ಇದ್ದ ಉಪದ್ರವಿ ಪ್ರಾಣಿಗಳ ಪಟ್ಟಿಯನ್ನೇ 2022ರ ತಿದ್ದುಪಡಿ ತೆಗೆದುಹಾಕಿದೆ. ತೋಟಕ್ಕೆ ಬರುವ ಮಂಗನನ್ನು ‘ಹೆದರಿಸಲು’ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಹೊಡೆಯುವುದಂತೂ ಹೆದರಿಸುವುದಲ್ಲ. ಗುಂಡು ಚರ್ಮದೊಳಗೆ ಉಳಿದು ಪ್ರಾಣಿ ವಾರಗಟ್ಟಲೆ ನರಳುತ್ತದೆ. ಜೀವ ಇರುವ ಯಾವುದೂ ಗುರಿಯಲ್ಲ ಎಂಬ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಹೇಳಿದ ಮೇಲೂ ಹಕ್ಕಿಯ ಕಡೆ ನಳಿಕೆ ಎತ್ತಿದವರಿಗೆ, ಅವರು ಮುಂಬಯಿಯ ಭಾವನೇ ಆಗಿರಲಿ, ಆ ದಿನದ ಆಟ ಅಲ್ಲಿಗೇ ಮುಗಿಯಬೇಕು.

ಸಾರ್ವಜನಿಕ ಜಾಗದ ಮಾತು ಚಿಕ್ಕದು. ಕಡಲತೀರ, ಪಿಲಿಕುಳದಂಥ ಉದ್ಯಾನ, ನದಿಯ ದಂಡೆ, ಶಾಲೆಯ ಮೈದಾನ ಎಲ್ಲಿಗೂ ಏರ್‌ಗನ್ ಒಯ್ಯಬಾರದು. ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿ, ತಾರಸಿಗಳೂ ಇದೇ ಪಟ್ಟಿಗೆ ಸೇರುತ್ತವೆ. ಇತರರ ಜೀವಕ್ಕೆ ಅಪಾಯ ಒಡ್ಡುವ ಅಜಾಗರೂಕತೆಗೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ ಶಿಕ್ಷೆ ಇದೆ. ಬಂದೂಕಿಗೆ ಪರವಾನಗಿ ಬೇಡ ಎಂಬುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ. ಸಾಧ್ಯವಾದರೆ ಅವರನ್ನೂ ಆಟಕ್ಕೆ ಕರೆಯಿರಿ, ದೂರು ಬರುವ ಸಾಧ್ಯತೆ ಅರ್ಧಕ್ಕಿಳಿಯುತ್ತದೆ.

ಜಾಗ ಹುಡುಕುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಆಟದ ಸುಖವೂ ಅಪಾಯವೂ ಇರುವುದು ಜಾಗದಲ್ಲೇ. ಪೆಲೆಟ್ ಎಂಬುದು ಅರ್ಧ ಗ್ರಾಂ ತೂಕದ ಸೀಸದ ಚೂರು. ಆದರೆ ಅಡ್ಡ ಏನೂ ಸಿಗದಿದ್ದರೆ ಅದು ನೂರಾರು ಮೀಟರ್ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೋಟದ ನಡುನಡುವೆ ಚದುರಿರುತ್ತವೆ. ಕಂಗಿನ ಸಾಲಿನ ಆಚೆ ಯಾರೂ ಇಲ್ಲ ಎಂದು ನಾವು ಅಂದುಕೊಂಡರೆ, ಅಲ್ಲೇ ಯಾರೋ ಹುಲ್ಲು ಕೊಯ್ಯುತ್ತಿರುತ್ತಾರೆ. ಆದ್ದರಿಂದ ತೋಟದ ಕಡೆಗೆ, ರಸ್ತೆಯ ಕಡೆಗೆ, ಹಟ್ಟಿಯ ಕಡೆಗೆ, ನಾಗಬನ ಅಥವಾ ದೈವದ ಗುಡಿಯ ಕಡೆಗೆ ನಳಿಕೆ ತಿರುಗುವಂಥ ಜಾಗ ಬೇಡವೇ ಬೇಡ.

ಹೆಚ್ಚಿನವರು ತೋರಿಸುವ ಜಾಗ ಮುರಕಲ್ಲಿನ (ಜಂಬಿಟ್ಟಿಗೆಯ) ಕಂಪೌಂಡ್ ಗೋಡೆ. ‘ಅದನ್ನು ದಾಟಿ ಹೋಗುವುದಿಲ್ಲವಲ್ಲ’ ಎನ್ನುತ್ತಾರೆ. ನಿಜ, ದಾಟುವುದಿಲ್ಲ, ವಾಪಸು ಬರುತ್ತದೆ. ಗಟ್ಟಿ ಮೇಲ್ಮೈಗೆ ಬಡಿದ ಪೆಲೆಟ್ ಚಿಮ್ಮುತ್ತದೆ, ಉಬ್ಬುತಗ್ಗಿನ ಮುರಕಲ್ಲಿಗೆ ಬಡಿದರೆ ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹೇಳಲಾಗದು. ಸೀಸದ ಪೆಲೆಟ್ ಬಡಿದಾಗ ಸ್ವಲ್ಪವಾದರೂ ಚಪ್ಪಟೆಯಾಗಿ ವೇಗ ಕಳೆದುಕೊಳ್ಳುತ್ತದೆ. ಉಕ್ಕಿನ ಗುಂಡುಗಳಂತೂ ಹೋದಷ್ಟೇ ಹುರುಪಿನಲ್ಲಿ ಹಿಂದಿರುಗುತ್ತವೆ, ಅವನ್ನು ಕೊಳ್ಳಲೇಬೇಡಿ. ತೆಂಗಿನ ಮರದ ಕಾಂಡವೂ ಬೇಡ. ಅದು ದುಂಡಗಿದೆ, ಅಂಚಿಗೆ ಬಡಿದ ಗುಂಡು ಪಕ್ಕಕ್ಕೆ ಸಿಡಿಯುತ್ತದೆ. ಮರಕ್ಕೂ ಒಳ್ಳೆಯದಲ್ಲ.

ಗುಡ್ಡ ಕಡಿದು ಕಟ್ಟಿದ ಮನೆಗಳ ಹಿಂಬದಿಯಲ್ಲಿ ಧರೆ, ಅಂದರೆ ಕಡಿದ ಗುಡ್ಡದ ಕಡಿದಾದ ಬದಿ ಇರುತ್ತದೆ. ಅದು ಮೆದು ಮಣ್ಣಿನದಾಗಿದ್ದು, ಆಳೆತ್ತರಕ್ಕಿಂತ ಹೆಚ್ಚಿದ್ದರೆ ಅದೇ ನಿಮ್ಮ ಅತ್ಯುತ್ತಮ ಗೋಡೆ. ಮುರಕಲ್ಲಿನ ಧರೆಯಾದರೆ ಅದರ ಮುಂದೆ ಮರಳು ಚೀಲಗಳನ್ನು ಜೋಡಿಸಬೇಕು. ಮಳೆಗಾಲ ಶುರುವಾದ ಮೇಲೆ ಧರೆಯ ಬುಡದಲ್ಲಿ ಆಟವೂ ಬೇಡ, ಗುರಿ ನೆಡುವ ಓಡಾಟವೂ ಬೇಡ. ಜುಲೈಯಲ್ಲಿ ಧರೆ ಕುಸಿದ ಸುದ್ದಿ ಇಲ್ಲದ ಪತ್ರಿಕೆ ನಮ್ಮ ಜಿಲ್ಲೆಗಳಲ್ಲಿ ಅಪರೂಪ.

ಎಷ್ಟು ಅಗಲದ ಗೋಡೆ ಬೇಕು? 10 ಮೀಟರ್ ದೂರದಲ್ಲಿ ನಳಿಕೆ ಬರೇ ಒಂದು ಡಿಗ್ರಿ ವಾಲಿದರೆ ಗುಂಡು 17 ಸೆಂಟಿಮೀಟರ್ ಅತ್ತಿತ್ತ ಹೋಗುತ್ತದೆ. ಐದು ಡಿಗ್ರಿ ವಾಲಿದರೆ ಮುಕ್ಕಾಲು ಮೀಟರಿಗಿಂತ ಹೆಚ್ಚು. ಮೊದಲ ಸಲ ಹಿಡಿದವರು ಐದು ಡಿಗ್ರಿ ವಾಲುವುದು ದೊಡ್ಡ ವಿಷಯವೇನಲ್ಲ. ಆದ್ದರಿಂದ ಗುರಿಯ ಎಡಬಲಕ್ಕೆ, ಮೇಲಕ್ಕೆ ಕನಿಷ್ಠ ಒಂದೊಂದು ಮೀಟರ್ ಗುಂಡು ಹೀರುವ ಮೇಲ್ಮೈ ಇರಬೇಕು. ಹೊಸಬರಿಗೆ ಆರು ಮೀಟರಿನಿಂದ ಆರಂಭಿಸಿ, ಕೈ ಕುದುರಿದ ಮೇಲೆ ಹತ್ತಕ್ಕೆ ಹೋಗಿ. ಗುರಿಯನ್ನು ಸೊಂಟದೆತ್ತರಕ್ಕೆ ಇಟ್ಟರೆ ನಿಂತು ಹೊಡೆಯುವವರ ಗುಂಡು ತುಸು ಕೆಳಮುಖವಾಗಿ ಹೋಗುತ್ತದೆ, ತಪ್ಪಿದ್ದೂ ಮಣ್ಣಿಗೇ ಸೇರುತ್ತದೆ.

ಅಡಿಕೆ ಒಣಗಿಸುವ ಅಂಗಳ ಹತ್ತು ಮೀಟರಿಗೆ ಧಾರಾಳ ಸಾಕು. ಆದರೆ ಅಡಿಕೆ ಹರಡಿರುವ ತಿಂಗಳುಗಳಲ್ಲಿ ಅಂಗಳ ಕೇಳಿದರೆ ಮನೆಯ ಯಜಮಾನರ ಮುಖ ಹೇಗಾಗುತ್ತದೆಂದು ನಿಮಗೇ ಗೊತ್ತು. ದಿಕ್ಕು ಉತ್ತರಕ್ಕಿದ್ದರೆ ಬೆಳಗ್ಗೆಯೂ ಸಂಜೆಯೂ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಜೋರಾಗುತ್ತದೆ. ಹಗುರ ಪೆಲೆಟ್ ಅದಕ್ಕೆ ಸಿಕ್ಕಿ ಸರಿಯುತ್ತದೆ, ತೂಗುಬಿಟ್ಟ ಗುರಿಗಳು ಸುಮ್ಮನಿರುವುದಿಲ್ಲ. ಆದ್ದರಿಂದ ಬೆಳಗಿನ ಏಳರಿಂದ ಹತ್ತರವರೆಗಿನ ಹೊತ್ತು ಒಳ್ಳೆಯದು, ನವೆಂಬರಿನಿಂದ ಫೆಬ್ರವರಿ ಎಲ್ಲಕ್ಕಿಂತ ಹಿತ.

ಗುಂಡು ಹೀರುವ ಪೆಟ್ಟಿಗೆ

ಒಬ್ಬ ಬಡಗಿಯ ಅರ್ಧ ದಿನದ ಕೆಲಸ ಇದು. ಎರಡು ಅಡಿ ಚೌಕದ, ಅರ್ಧ ಅಡಿಗಿಂತ ಕಡಿಮೆಯಿಲ್ಲದ ಆಳದ ಮರದ ಪೆಟ್ಟಿಗೆ ಮಾಡಿಸಿ. ಹಿಂಬದಿಗೆ 18 ಮಿಲಿಮೀಟರ್ ಪ್ಲೈವುಡ್. ಮುಂಬದಿ ತೆರೆದಿರಲಿ, ಅಲ್ಲಿಗೆ ದಪ್ಪ ರಟ್ಟು ಸಿಕ್ಕಿಸಿ. ಒಳಗೆ ಹಳೆಯ ಹತ್ತಿ ಸೀರೆ, ಬೈರಾಸು, ಬೆಡ್‌ಶೀಟುಗಳನ್ನು ಒತ್ತಿ ಒತ್ತಿ ತುಂಬಿ. ಸಡಿಲ ತುಂಬಿದರೆ ಗುಂಡು ಹಿಂದಿನ ಹಲಗೆ ಮುಟ್ಟುತ್ತದೆ. ಗುಂಡಿ, ಜಿಪ್ ಇರುವ ಬಟ್ಟೆ ಬೇಡ. ಪೆಟ್ಟಿಗೆಯ ಹಿಂದೆ ಮತ್ತು ಸುತ್ತ ಸೋಸಿದ ಮರಳು ತುಂಬಿದ ಗೋಣಿಗಳನ್ನು ಎರಡು ಸಾಲಾಗಿ ಪೇರಿಸಿ. ಮರಳಿನಲ್ಲಿ ಕಲ್ಲಿದ್ದರೆ ಮುರಕಲ್ಲಿನ ಕಥೆಯೇ ಮರುಕಳಿಸುತ್ತದೆ, ಆದ್ದರಿಂದ ಸೋಸಲು ಸೋಮಾರಿತನ ಬೇಡ. ನಡುವೆ ರಟ್ಟು ತೂತಾಗಿ ಹರಿದಾಗ ಬದಲಿಸಿ. ಬಟ್ಟೆಯನ್ನು ಆಗಾಗ ತೆಗೆದು ಕೊಡವಿ ಮರುತುಂಬಿ, ಒಂದೇ ಕಡೆ ಬಿದ್ದ ಗುಂಡುಗಳು ಒಂದಕ್ಕೊಂದು ಬಡಿಯತೊಡಗಿದರೆ ಅವೂ ಚಿಮ್ಮುತ್ತವೆ.

ಪೆಟ್ಟಿಗೆಯಿಂದ ಹೊರಬಿದ್ದ ಸೀಸವನ್ನು ಹೆಕ್ಕುವುದು ಆಟದ ಭಾಗವೇ. ಊರ ಕೋಳಿಗಳು ಅಂಗಳದಲ್ಲಿ ಕಲ್ಲಿನ ಹರಳು ಹೆಕ್ಕಿ ತಿನ್ನುತ್ತವೆ, ಪೆಲೆಟನ್ನೂ ಹಾಗೆಯೇ ನುಂಗುತ್ತವೆ. ಸೀಸ ವಿಷ. ಆ ಕೋಳಿ ಮುಂದೆ ನಿಮ್ಮದೇ ಸುಕ್ಕದ ಪಾತ್ರೆಗೆ ಬರುವುದು ಎಂಬುದನ್ನು ನೆನಪಿಡಿ. ಆಟದ ಹೊತ್ತಿಗೆ ಕೋಳಿಗಳನ್ನು ಗೂಡಿಗೆ ಹಾಕಿ, ನಾಯಿಯನ್ನು ಕಟ್ಟಿ.

ಬಂದೂಕು, ಪೆಲೆಟ್, ಕನ್ನಡಕ

ಮನೆಯ ಆಟಕ್ಕೆ 4.5 ಮಿಲಿಮೀಟರಿನ, ನಳಿಕೆ ಮಡಚಿ ಸ್ಪ್ರಿಂಗ್ ಏರಿಸುವ ಸಾಧಾರಣ ಏರ್ ರೈಫಲ್ ಸಾಕು. ದೂರದರ್ಶಕ ಬೇಡ. ಹತ್ತು ಮೀಟರಿಗೆ ಅದು ಅಡ್ಡಿಯೇ, ಕಲಿಯುವವರನ್ನು ಕೆಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪೆಲೆಟ್ ಚಪ್ಪಟೆ ತಲೆಯದ್ದಿರಲಿ, ಅದು ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಕೊರೆಯುತ್ತದೆ, ಅಂಕ ಎಣಿಸುವಾಗ ಜಗಳ ಕಡಿಮೆ. ಹೊಡೆಯುವವರಿಗೂ ನೋಡುವವರಿಗೂ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ. ಬಂದೂಕಿನ ಬೆಲೆಯಲ್ಲಿ ಉಳಿಸಿದ ಹಣವನ್ನು ಇದಕ್ಕೆ ಹಾಕಿ. ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಏರ್‌ಗನ್ ಬೇಡ, ಅಂಟುವ ಬಾಣದ ಬಿಲ್ಲು ಅಥವಾ ನೀರಿನ ಪಿಚಕಾರಿ ಕೊಟ್ಟು ಬೇರೆ ಗುರಿ ಇಟ್ಟುಕೊಡಿ. ಮೇ ತಿಂಗಳ ಸೆಕೆಯಲ್ಲಿ ಪಿಚಕಾರಿಯ ಕಡೆಗೇ ದೊಡ್ಡವರೂ ಸರಿಯುತ್ತಾರೆ.

ನಳಿಕೆ ಮಡಚುವ ಬಂದೂಕಿನಲ್ಲಿ ಬೆರಳು ಜಜ್ಜುವ ಒಂದು ಘಳಿಗೆ ಇದೆ. ನಳಿಕೆ ತೆರೆದು ಪೆಲೆಟ್ ಹಾಕುವಾಗ ಟ್ರಿಗರಿನ ಕೊಂಡಿ ಜಾರಿದರೆ ನಳಿಕೆ ರಪ್ಪನೆ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಪೆಲೆಟ್ ಕೂರಿಸಿ ಮುಚ್ಚುವವರೆಗೂ ಇನ್ನೊಂದು ಕೈ ನಳಿಕೆಯನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಈ ಕೆಲಸ ದೊಡ್ಡವರದ್ದು ಮಾತ್ರ. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದನ್ನೂ ಬಿಡಿ. ಗುಂಡು ಒಡ್ಡುವ ತಡೆ ಇಲ್ಲದಿದ್ದರೆ ಒಳಗಿನ ಪಿಸ್ಟನ್ ನೇರ ಲೋಹಕ್ಕೆ ಬಡಿದು ಸೀಲು, ಸ್ಪ್ರಿಂಗು ಹಾಳಾಗುತ್ತವೆ.

ಗೆರೆ ಮತ್ತು ದೊಡ್ಡಮ್ಮ

ಅಂಗಳದಲ್ಲಿ ಎರಡು ಗೆರೆಗಳನ್ನು ಸುಣ್ಣದ ಪುಡಿಯಿಂದ ಎಳೆಯಿರಿ. ಮುಂದಿನದು ಹೊಡೆಯುವವರದ್ದು, ಅದರಿಂದ ಮೂರು ಮೀಟರ್ ಹಿಂದಿನದು ಕಾಯುವವರದ್ದು. ಹೊಡೆಯುವ ಗೆರೆಯಲ್ಲಿ ಒಂದು ಮೇಜು, ಅದರ ಮೇಲೆ ಬಂದೂಕು, ನಳಿಕೆ ಯಾವಾಗಲೂ ಗುರಿಯ ಕಡೆಗೆ. ಬಂದೂಕು ಮೇಜಿನಿಂದ ಹಿಂದಕ್ಕೆ ಬರುವಂತಿಲ್ಲ.

ಹೊಡೆಯದೆ ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಿ. ಮನೆಯಲ್ಲಿ ಯಾರ ಒಂದು ಮಾತಿಗೆ ಎಲ್ಲರೂ ತಣ್ಣಗಾಗುತ್ತಾರೋ ಅವರೇ ಇದಕ್ಕೆ ಸರಿ. ನಮ್ಮ ಕಡೆ ಅದು ಹೆಚ್ಚಾಗಿ ದೊಡ್ಡಮ್ಮ. ಅವರು ‘ಸ್ಟಾಪ್’ ಎಂದರೆ ಬೆರಳು ಟ್ರಿಗರಿನಿಂದ ಹೊರಗೆ, ಬಂದೂಕು ಮೇಜಿಗೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಬೆರೆಯುವ ಅಂಗಳದಲ್ಲಿ ಆದೇಶದ ಮಾತು ಒಂದೇ ಇರಲಿ, ಅದನ್ನು ಆಟಕ್ಕೆ ಮೊದಲು ಎಲ್ಲರಿಂದ ಒಮ್ಮೆ ಹೇಳಿಸಿ. ಗುರಿ ನೋಡಲು, ಬದಲಿಸಲು ಯಾರೇ ಮುಂದಕ್ಕೆ ಹೋಗಬೇಕಾದರೂ ಮೊದಲು ಬಂದೂಕು ಖಾಲಿಯಾಗಿ, ನಳಿಕೆ ತೆರೆದು ಮೇಜಿನ ಮೇಲಿರಬೇಕು, ಎಲ್ಲರ ಕೈ ಬಂದೂಕಿನಿಂದ ದೂರವಿರಬೇಕು, ದೊಡ್ಡಮ್ಮ ‘ಹೋಗಿ’ ಎನ್ನಬೇಕು. ಚೆಂಡು ಅತ್ತ ಉರುಳಿತೆಂದು ಮಗುವೊಂದು ಓಡುವುದು ಖಂಡಿತ ನಡೆಯುತ್ತದೆ. ಹಾಗಾಗಿ ಲಗೋರಿ, ಕ್ರಿಕೆಟ್ ಏನಿದ್ದರೂ ಮನೆಯ ಇನ್ನೊಂದು ಬದಿಗೆ.

ಉಳಿದ ನಿಯಮಗಳು ಜಗತ್ತಿನ ಎಲ್ಲ ಶೂಟಿಂಗ್ ರೇಂಜುಗಳಲ್ಲೂ ಒಂದೇ. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಿರಿ, ಹೊಡೆಯಬಾರದ ಕಡೆಗೆ ನಳಿಕೆ ತಿರುಗಿಸಬೇಡಿ, ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗಿರಲಿ, ಗುರಿಯ ಹಿಂದೆ ಏನಿದೆ ಎಂದು ನೋಡಿಕೊಳ್ಳಿ. ಬಿಯರ್ ಬಾಟಲಿ ತೆರೆದ ಕ್ಷಣ ಬಂದೂಕು ಕಪಾಟಿಗೆ ಹೋಗಬೇಕು. ಇದರಲ್ಲಿ ರಿಯಾಯಿತಿ ಕೇಳುವ ಭಾವಂದಿರು ಇದ್ದೇ ಇರುತ್ತಾರೆ. ದೊಡ್ಡಮ್ಮನನ್ನು ನೇಮಿಸಿದ್ದು ಅದಕ್ಕೂ ಹೌದು.

ಹೊಡೆಯುವ ಕ್ರಮ

ಮೊದಲು ನಿಮ್ಮ ಕಣ್ಣು ಯಾವುದೆಂದು ತಿಳಿಯಿರಿ. ಎರಡೂ ಕೈ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ತೆಂಗಿನ ಗೊನೆಯನ್ನು ಅದರೊಳಗೆ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗೊನೆ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಯ ಕಣ್ಣು. ಬಲಗೈಯವರಿಗೂ ಅದು ಎಡಗಣ್ಣಾಗಿರಬಹುದು, ಹಾಗಿದ್ದರೆ ಎಡ ಭುಜಕ್ಕೆ ಬಂದೂಕು ಇಟ್ಟು ಪ್ರಯತ್ನಿಸಿ.

ಹೊಸಬರು, ಮಕ್ಕಳು ಕುಳಿತು ಹೊಡೆಯಲಿ. ಮೇಜಿನ ಮೇಲೆ ಅಕ್ಕಿಯ ಸಣ್ಣ ಚೀಲ, ಅದರ ಮೇಲೆ ಎಡ ಅಂಗೈ, ಅಂಗೈಯ ಮೇಲೆ ಬಂದೂಕು. ನೇರ ಗಟ್ಟಿ ವಸ್ತುವಿನ ಮೇಲಿಟ್ಟರೆ ಸ್ಪ್ರಿಂಗ್ ಬಂದೂಕು ಜಿಗಿದು ಗುಂಡು ಎತ್ತಲೋ ಹೋಗುತ್ತದೆ. ಬಿಗಿಯಾಗಿ ಹಿಸುಕಿ ಹಿಡಿದರೂ ಅದೇ ಫಲ. ಸಡಿಲವಾಗಿ, ಮಲಗಿದ ಬೆಕ್ಕಿನಮರಿಯನ್ನು ಎತ್ತಿಕೊಂಡಂತೆ ಹಿಡಿಯಬೇಕು.

ಬಂದೂಕಿನ ಮೇಲೆ ಕಣ್ಣಿಗೆ ಹತ್ತಿರವಿರುವ ಹಿಂದಿನ ಕಚ್ಚಿನ ನಡುವೆ, ನಳಿಕೆಯ ತುದಿಯಲ್ಲಿರುವ ಮುಂದಿನ ಗುರಿಕಡ್ಡಿ ನಿಲ್ಲಬೇಕು. ಎರಡರ ತಲೆಯೂ ಸಮ, ಕಡ್ಡಿಯ ಎಡಬಲದ ಬೆಳಕೂ ಸಮ. ಕಣ್ಣಿಗೆ ಸ್ಪಷ್ಟ ಕಾಣಬೇಕಾದದ್ದು ಮುಂದಿನ ಕಡ್ಡಿ, ಗುರಿ ಮಸುಕಾಗಿದ್ದರೆ ಅದೇ ಸರಿ. ಇದನ್ನು ನಂಬುವುದು ಹೊಸಬರಿಗೆ ಬಹಳ ಕಷ್ಟ, ಎಲ್ಲರೂ ಗುರಿಯನ್ನೇ ದಿಟ್ಟಿಸುತ್ತಾರೆ. ಉಸಿರು ಎಳೆದು, ಅರ್ಧ ಬಿಟ್ಟು, ನಿಲ್ಲಿಸಿ. ಏಳೆಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಬಂದೂಕು ಇಳಿಸಿ ಮತ್ತೆ ಶುರು ಮಾಡಿ. ಟ್ರಿಗರನ್ನು ಜಗ್ಗದೆ, ಬೆರಳಿನ ತುದಿಯಿಂದ ನೇರ ಹಿಂದಕ್ಕೆ ನಿಧಾನವಾಗಿ ಒತ್ತಿ. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೆಯೇ ಇರಿ. ತಲೆ ಎತ್ತಿ ಇಣುಕುವ ಆತುರವೇ ಅರ್ಧ ಗುಂಡುಗಳನ್ನು ಕೆಡಿಸುತ್ತದೆ.

ಐದು ಗುಂಡು ಹೊಡೆದ ಮೇಲೆ ನೋಡಿ. ಐದೂ ಒಂದೇ ಕಡೆ ಗುಂಪಾಗಿದ್ದು ಗುಂಪು ಮಾತ್ರ ಎಡಕ್ಕಿದ್ದರೆ ಹಿಂದಿನ ಕಚ್ಚನ್ನು ಬಲಕ್ಕೆ ಸರಿಸಿ. ಗುಂಪೇ ಇಲ್ಲದೆ ಚೆಲ್ಲಾಪಿಲ್ಲಿಯಾಗಿದ್ದರೆ ಬಂದೂಕಿನ ತಿರುಪು ಮುಟ್ಟಬೇಡಿ, ತಪ್ಪು ಅಲ್ಲಿಲ್ಲ.

ಗುರಿಗಳು, ಪಂದ್ಯಗಳು

ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಗುರಿಯ ಹತ್ತರ ಚುಕ್ಕೆ ಬರೇ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಮನೆಯ ಆಟಕ್ಕೆ ಅದನ್ನು ಇಟ್ಟರೆ ಎಲ್ಲರೂ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಏರ್ ಪಿಸ್ತೂಲಿನ ಗುರಿಯನ್ನು ಬಳಸಿ. ಅದರ ಹತ್ತರ ವೃತ್ತ 11.5 ಮಿಲಿಮೀಟರ್, ಕಪ್ಪು ಭಾಗ 59.5 ಮಿಲಿಮೀಟರ್. ಅಜ್ಜನಿಗೂ ಕಾಣುತ್ತದೆ. ಪ್ಯಾರಿಸಿನಲ್ಲಿ 2024ರಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಈ ಅಳತೆಯ ಗುರಿಗೆ ಎಂದರೆ ಮಕ್ಕಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಕಾಗದ ಸಾಕೆನಿಸಿದಾಗ ದಾರದಲ್ಲಿ ತೂಗುಬಿಟ್ಟ ಮಾರಿ ಬಿಸ್ಕತ್ತು ಇಡಿ, ಬಡಿದರೆ ಪುಡಿಪುಡಿಯಾಗುವ ಸಂತೋಷವೇ ಬೇರೆ. ಚೂರುಗಳನ್ನು ಕೋಳಿಗೆ ಬಿಡದೆ ಗುಡಿಸಿ ಹಾಕಿ. ಅಡಿಕೆ ಹಾಳೆಯ ತಟ್ಟೆಯ ಮೇಲೆ ಇದ್ದಿಲಿನಿಂದ ವೃತ್ತ ಬರೆದರೆ ದೊಡ್ಡ ಗುರಿ ಸಿದ್ಧ. ನನಗೆ ಮೆಚ್ಚಿನದು ವಿಟ್ಲಪಿಂಡಿಯಿಂದ (ಕೃಷ್ಣಾಷ್ಟಮಿಯ ಮೊಸರುಕುಡಿಕೆ) ಎರವಲು ಪಡೆದ ಆಟ: ಸಣ್ಣ ಬಲೂನುಗಳಲ್ಲಿ ಬಣ್ಣದ ನೀರು ತುಂಬಿ ಪೆಟ್ಟಿಗೆಯ ಮುಂದೆ ಸಾಲಾಗಿ ಕಟ್ಟುವುದು, ಪ್ರತಿ ಬಣ್ಣಕ್ಕೆ ಬೇರೆ ಬೇರೆ ಅಂಕ. ಗಾಜಿನ ಬಾಟಲಿ ಮಾತ್ರ ಯಾವ ಕಾರಣಕ್ಕೂ ಬೇಡ, ಬರಿಗಾಲಲ್ಲಿ ಓಡಾಡುವ ಅಂಗಳ ಅದು. ತಗಡಿನ ದಪ್ಪ ಡಬ್ಬಿ, ಕಬ್ಬಿಣದ ಹಲಗೆಗಳೂ ಗುಂಡನ್ನು ವಾಪಸು ಕಳಿಸುತ್ತವೆ.

ಪಂದ್ಯಕ್ಕೆ ಜೋಡಿ ಕಟ್ಟುವಾಗ ಅತಿ ಹಿರಿಯರನ್ನೂ ಅತಿ ಕಿರಿಯರನ್ನೂ ಒಟ್ಟು ಮಾಡಿ, ಇಬ್ಬರ ಅಂಕ ಕೂಡಿಸಿ. ಮಕ್ಕಳು ಕುಳಿತು, ದೊಡ್ಡವರು ನಿಂತು ಹೊಡೆದರೆ ಅನುಭವದ ಅಂತರ ಬಹುಮಟ್ಟಿಗೆ ಸರಿಹೋಗುತ್ತದೆ. ಅಂಕ ಸಮನಾದರೆ ಅಡಿಕೋಲು ತಂದು ಯಾರ ಗುಂಪು ಚಿಕ್ಕದೆಂದು ಅಳೆಯಿರಿ. ಒಂದು ಸರದಿಗೆ ಐದೇ ಗುಂಡು. ಹತ್ತು ಕೊಟ್ಟರೆ ಕಾಯುವವರು ಮೊಬೈಲ್ ತೆಗೆಯುತ್ತಾರೆ, ಆಮೇಲೆ ಅವರನ್ನು ಮರಳಿ ಎಳೆಯುವುದು ಕಷ್ಟ.

ತಿಂಡಿ ತೀರ್ಥ ಕಾಯುವ ಗೆರೆಯಿಂದಲೂ ಹಿಂದೆ, ಚಾವಡಿಯಲ್ಲಿ. ಪೆಲೆಟ್ ಮುಟ್ಟಿದ ಕೈಯಲ್ಲಿ ಗೋಳಿಬಜೆ ಎತ್ತಿಕೊಳ್ಳುವಂತಿಲ್ಲ, ಸಾಬೂನು ಹಾಕಿ ತೊಳೆದ ಮೇಲೆಯೇ. ಮಕ್ಕಳ ಮೇಲೆ ಸೀಸದ ಪರಿಣಾಮ ದೊಡ್ಡವರಿಗಿಂತ ಹೆಚ್ಚು. ಪೆಲೆಟನ್ನು ಬಾಯಲ್ಲಿ ಹಿಡಿದುಕೊಳ್ಳುವ ಕೆಟ್ಟ ಅಭ್ಯಾಸ ಕೆಲವು ದೊಡ್ಡವರಿಗಿದೆ, ಅದನ್ನು ಮಕ್ಕಳ ಮುಂದೆಯಂತೂ ಮಾಡಬಾರದು. ಹತ್ತು ಗಂಟೆಗೆ ಪುನರ್ಪುಳಿ ಶರಬತ್ತು, ಊಟಕ್ಕೆ ನೀರುದೋಸೆ, ಸಂಜೆ ಕಾಪು ಅಥವಾ ಪಡುಬಿದ್ರಿಯ ಕಡಲತೀರ. ಬಂದೂಕು ಮನೆಯಲ್ಲಿ ಬೀಗದೊಳಗೆ.

ಗಾಯವಾದರೆ ಮಾಡಬೇಕಾದದ್ದನ್ನು ಎಲ್ಲರೂ ಮೊದಲೇ ತಿಳಿದಿರಲಿ. ಕಣ್ಣಿಗೆ ಬಡಿದರೆ ಒತ್ತಬಾರದು, ಉಜ್ಜಬಾರದು, ನೀರು ಹಾಕಿ ತೊಳೆಯಲೂ ಬಾರದು. ಕಣ್ಣಿನ ಮೇಲೆ ತಾಗದಂತೆ ಕಾಗದದ ಲೋಟ ಮುಚ್ಚಿ ನೇರ ಆಸ್ಪತ್ರೆಗೆ. ಪೆಲೆಟ್ ಚರ್ಮದೊಳಗೆ ಸೇರಿದ್ದರೆ ಸೂಜಿ ಹಾಕಿ ತೆಗೆಯುವ ಸಾಹಸ ಬೇಡ. ಹೊರಗೆ ಚಿಕ್ಕದಾಗಿ ಕಂಡರೂ ವೈದ್ಯರಿಗೆ ತೋರಿಸಿ.

ಉಪ್ಪುಗಾಳಿ, ಮಳೆಗಾಲ, ಮುಂದಿನ ದಾರಿ

ಕರಾವಳಿಯಲ್ಲಿ ಬಂದೂಕಿನ ದೊಡ್ಡ ಶತ್ರು ತುಕ್ಕು. ಬೆವರಿದ ಬೆರಳಚ್ಚು ಸಾಕು, ವಾರದಲ್ಲಿ ನಳಿಕೆಯ ಮೇಲೆ ಕಂದು ಮಚ್ಚೆ ಮೂಡುತ್ತದೆ. ಆಟ ಮುಗಿದ ಕೂಡಲೇ ಬಂದೂಕಿನ ಎಣ್ಣೆ ಸವರಿದ ಬಟ್ಟೆಯಿಂದ ಹೊರಭಾಗ ಒರಸಿ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಕ್ರಮೇಣ ಅಂಟಂಟಾಗಿ ಧೂಳು ಹಿಡಿಯುತ್ತದೆ. ಗಾಳಿ ಒತ್ತುವ ಕೊಳವೆಯೊಳಗೆ ಮಾತ್ರ ಯಾವ ಎಣ್ಣೆಯನ್ನೂ ಸುರಿಯಬೇಡಿ, ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಸೀಲು ಸುಡುತ್ತದೆ. ಸ್ಪಂಜಿನ ಚೀಲ ಸಾಗಾಟಕ್ಕೆ ಚೆಂದ, ಮಳೆಗಾಲದ ಸಂಗ್ರಹಕ್ಕಲ್ಲ. ಸ್ಪಂಜು ತೇವ ಹೀರಿ ನಳಿಕೆಗೇ ಒತ್ತಿ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಕಪಾಟಿನಲ್ಲಿ, ಸಿಲಿಕಾ ಪೊಟ್ಟಣಗಳೊಂದಿಗೆ, ಸ್ಪ್ರಿಂಗ್ ಏರಿಸದ ಸ್ಥಿತಿಯಲ್ಲಿ ನಿಲ್ಲಿಸಿಡಿ. ಪೆಲೆಟ್ ಡಬ್ಬಿ ಬೇರೆ ಬೀಗದಲ್ಲಿ. ಮುಂಬಯಿಗೆ ವಿಮಾನ ಹತ್ತುವ ನೆಂಟರು ಬಜಪೆಗೆ ಹೊರಡುವ ಮೊದಲು ಜೇಬು, ಬ್ಯಾಗು ಕೊಡವಿಕೊಳ್ಳಲಿ. ಮೂಲೆಯಲ್ಲಿ ಉಳಿದ ನಾಲ್ಕು ಪೆಲೆಟ್‌ಗಳಿಗೆ ತಪಾಸಣೆಯಲ್ಲಿ ವಿವರಣೆ ಕೊಡುತ್ತಾ ನಿಲ್ಲುವುದು ಬೇಡ.

ಇಷ್ಟೆಲ್ಲ ಆದ ಮೇಲೆ ಮನೆಯ ಒಂದು ಮಗು ‘ನಾಳೆಯೂ ಹೊಡೆಯೋಣವೇ’ ಎಂದು ಮತ್ತೆ ಮತ್ತೆ ಕೇಳಿದರೆ ಅದನ್ನು ಅಂಗಳದಲ್ಲೇ ಉಳಿಸಬೇಡಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ, ಅಲ್ಲಿ 0.22 ರೈಫಲ್ಲಿನ ಅಭ್ಯಾಸವನ್ನು ಸೈನಿಕ ಶಿಸ್ತಿನಲ್ಲಿ ಕಲಿಸುತ್ತಾರೆ. ಸ್ಪರ್ಧೆಯ ದಾರಿ ರಾಜ್ಯದ ರೈಫಲ್ ಸಂಸ್ಥೆಯ ಮೂಲಕ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ತಲುಪುತ್ತದೆ. ತರಬೇತಿ ಕೇಂದ್ರ ಆರಿಸುವಾಗ ಮೊದಲ ಭೇಟಿಗೆ ಬಂದೂಕುಗಳ ಬೆಲೆ ಕೇಳಬೇಡಿ. ಅರ್ಧ ಗಂಟೆ ಸುಮ್ಮನೆ ಕುಳಿತು, ಗುರಿ ಬದಲಿಸಲು ಯಾರಾದರೂ ಮುಂದೆ ಹೋಗುವಾಗ ಉಳಿದವರ ಕೈ ಎಲ್ಲಿರುತ್ತದೆ ಎಂದು ನೋಡಿ. ಬಂದೂಕಿನ ಮೇಲಿದ್ದರೆ ಬೇರೆ ಕೇಂದ್ರ ಹುಡುಕಿ.